ಈಗ ಬರುತ್ತೆ, ಕೇಳಿ

ಹದಿನೈದು ವರ್ಷದಿಂದ ಹುಡುಕುತ್ತಿದ್ದ ಹಾಡು ನಿನ್ನೆ ರಾತ್ರಿ ಸಿಕ್ಕಿತು. ಪೂರ್ತಿ ಸಿಕ್ಕಿತು ಅನ್ನುವ ಹಾಗಿಲ್ಲ. ಮುಕ್ಕಾಲು ನನಗೆ ಸಿಕ್ಕಿತು, ಕಾಲು ಭಾಗ ನಮ್ಮ ರಾಯರ ಬಾಯಿಗೆ ಹೋಯಿತು.

ಹಳೆಯ ರೆಕಾರ್ಡಿಂಗ್ ಹುಚ್ಚಿನವರು ನಾವು ನಾಲ್ಕು ಜನ. ಭಾನುವಾರ ಸಂಜೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಒಬ್ಬರ ಹತ್ತಿರ ಕ್ಯಾಸೆಟ್ ಇದೆ, ಹಾಕಲು ಡೆಕ್ ಇಲ್ಲ. ಇನ್ನೊಬ್ಬರ ಹತ್ತಿರ ಡೆಕ್ ಇದೆ, ಅದರ ಬೆಲ್ಟ್ ಸಡಿಲ. ಎಂಥ ಗಟ್ಟಿ ಗಾಯಕರೂ ಅದರಲ್ಲಿ ಕುತ್ತಿಗೆವರೆಗೆ ನೀರಿನಲ್ಲಿ ನಿಂತು ಹಾಡಿದ ಹಾಗೆ ಕೇಳಿಸುತ್ತಾರೆ. ನನ್ನ ಹತ್ತಿರ ಪೆನ್ಸಿಲ್ ಇದೆ. ಕ್ಯಾಸೆಟ್ಟಿಗೆ ಪೆನ್ಸಿಲ್ ಯಾಕೆ ಅಂತ ಕೇಳುವವರು ಇಲ್ಲಿಗೇ ಓದು ನಿಲ್ಲಿಸಬಹುದು. ನಮಗೂ ನಿಮಗೂ ವಯಸ್ಸು ಹೊಂದುವುದಿಲ್ಲ.

ನಾಲ್ಕನೆಯವರು ರಾಯರು. ಅವರ ಹತ್ತಿರ ಎಲ್ಲವೂ ಇದೆ. ಮೂರು ಕಪಾಟು ಕ್ಯಾಸೆಟ್ ಇದೆ, ಒಳ್ಳೆಯ ಡೆಕ್ ಇದೆ, ಒಳ್ಳೆಯ ಕಿವಿಯೂ ಇದೆ. ಬಾಯಿಗೆ ಮಾತ್ರ ಸ್ಟಾಪ್ ಬಟನ್ ಇಲ್ಲ.

ಯಾವ ಹಾಡಿನಲ್ಲೇ ಆಗಲಿ, ಮೈ ಜುಮ್ಮೆನ್ನುವ ಒಂದು ಜಾಗ ಇರುತ್ತದೆ, ಅಲ್ವಾ? ಅದು ಬರುವ ಅರ್ಧ ನಿಮಿಷ ಮೊದಲೇ ರಾಯರ ತೋರುಬೆರಳು ಮೇಲೇಳುತ್ತದೆ. "ಈಗ ಬರುತ್ತೆ." ನಾವು ತಲೆಯಾಡಿಸುತ್ತೇವೆ. ಹತ್ತು ಸೆಕೆಂಡ್ ಬಿಟ್ಟು, "ಬಂತು, ಬಂತು, ಕಿವಿಗೊಟ್ಟು ಕೇಳಿ." ಕೊಟ್ಟೇ ಇದ್ದೇವೆ ಸ್ವಾಮಿ, ಎರಡನ್ನೂ. ಕೊನೆಗೆ ಗಾಯಕರು ಉಸಿರೆಳೆದು ಆ ಸ್ವರಕ್ಕೆ ಏರುವ ಹೊತ್ತಿಗೆ ಸರಿಯಾಗಿ, "ಹಾಂ! ಇದೇ! ಕೇಳಿದ್ರಾ?"

ಎಲ್ಲಿಂದ ಕೇಳುವುದು?

ಕೇಳಲಿಲ್ಲ ಅಂದರೆ ಇನ್ನೂ ಕಷ್ಟ. ಟೇಪನ್ನು ಹಿಂದಕ್ಕೆ ಓಡಿಸುತ್ತಾರೆ. ಅದು ಎರಡು ಹಾಡು ಹಿಂದಕ್ಕೆ ಹೋಗಿ ನಿಲ್ಲುತ್ತದೆ. ಮತ್ತೆ ಮುಂದಕ್ಕೆ. ಮತ್ತೆ ಬೆರಳು. ಮತ್ತೆ "ಈಗ ಬರುತ್ತೆ". ಹೋದ ತಿಂಗಳು ಒಂದೇ ಸ್ವರವನ್ನು ಹೀಗೆ ಐದು ಸಲ ಕೇಳದೆ ಮನೆಗೆ ಬಂದೆ.

ಒಂದು ದಿನ ತಡೆಯಲಾರದೆ ಹಳೆಯ ಕಾಲದ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಕಥೆ ಹೇಳಿದೆ. 1902ರಲ್ಲಿ ಅವರು ಗ್ರಾಮಫೋನಿಗೆ ಹಾಡಲು ಶುರು ಮಾಡಿದಾಗ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದುದು ಹೆಚ್ಚೆಂದರೆ ಮೂರು ನಿಮಿಷ. ಅಷ್ಟರಲ್ಲಿ ಹಾಡಿ, ಕೊನೆಗೆ ಇಂಗ್ಲಿಷಿನಲ್ಲಿ ನನ್ನ ಹೆಸರು ಗೌಹರ್ ಜಾನ್ ಅಂತ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಹಾಡಿದ್ದು ಯಾರು ಅಂತ ಅಲ್ಲಿಯವರಿಗೆ ಗೊತ್ತಾಗಬೇಕಲ್ಲ. "ನೋಡಿ ರಾಯರೇ, ಅಂಥವರೂ ಮಾತಾಡಿದ್ದು ಹಾಡು ಮುಗಿದ ಮೇಲೆ" ಅಂದೆ. ಮುಗಿದ ಮೇಲೆ ಅನ್ನುವುದನ್ನು ಒತ್ತಿಯೇ ಹೇಳಿದೆ. "ಹೌದಾ? ಹಾಕಿ, ಕೇಳೋಣ" ಅಂದರು. ಹಾಕಿದೆ. ಹಾಡು ಮುಗಿಯುತ್ತಾ ಬಂತು. ಬೆರಳು ಮೇಲೆದ್ದಿತು.

"ಈಗ ಹೆಸರು ಹೇಳ್ತಾರೆ, ಕೇಳಿ."

ಇಂಥ ರಾಯರಿಗೇ ನನ್ನ ಹಾಡು ಸಿಕ್ಕಿದ್ದು. ಅದರ ಹೆಸರು ನನಗೆ ಗೊತ್ತಿರಲಿಲ್ಲ. ಎಂದೋ ರೇಡಿಯೋದಲ್ಲಿ ಕೇಳಿದ್ದು. ನನಗೆ ನೆನಪಿದ್ದ ಒಂದು ಸಾಲನ್ನು ಗುನುಗಿ ತೋರಿಸುತ್ತಿದ್ದೆ. ನಿನ್ನೆ ರಾತ್ರಿ ಹನ್ನೊಂದಕ್ಕೆ ಮೊಬೈಲಿಗೆ ಫೈಲ್ ಬಂತು. ಜೊತೆಗೆ "ಡಿಜಿಟಲ್ ಮಾಡಿದ್ದೇನೆ" ಅಂತ ಒಂದು ಸಾಲು. ಡಿಜಿಟಲ್ ಅಂದರೆ ಸ್ಪೀಕರ್ ಮುಂದೆ ಫೋನ್ ಇಟ್ಟಿದ್ದಾರೆ. ಮೊದಲು ಫ್ಯಾನಿನ ಸದ್ದು. ಆಮೇಲೆ ಕಾಲಿಂಗ್ ಬೆಲ್. ಆಮೇಲೆ ಹಾಡು. ಅದೇ ಹಾಡು! ಕಣ್ಣು ಮುಚ್ಚಿ ಕೂತೆ. ಸರಿಯಾಗಿ ಎರಡು ನಿಮಿಷ ಹತ್ತು ಸೆಕೆಂಡಿಗೆ, ಹೆಡ್‌ಫೋನಿನ ಎರಡೂ ಕಡೆಯಿಂದ, "ಈಗ ಬರುತ್ತೆ".

ಫೋನ್ ಮಾಡಿ ಕೇಳಿದೆ. ಕೋಣೆಯಲ್ಲಿ ಅವರೊಬ್ಬರೇ ಇದ್ದರಂತೆ. ಹಾಗಾದರೆ ಹೇಳಿದ್ದು ಯಾರಿಗೆ? ಸ್ಪೀಕರಿಗಾ?

ಬೆಳಿಗ್ಗೆಯೇ ಹೋಗಿ ಕ್ಯಾಸೆಟ್ ಇಸಿದುಕೊಂಡು ಬಂದೆ. ಒಂದು ಡೆಕ್ಕನ್ನೂ ಕೇಳಿ ತಂದೆ. ಸಿ-90 ಕ್ಯಾಸೆಟ್, ಬದಿಗೆ 45 ನಿಮಿಷ. ಬಾಗಿಲು ಹಾಕಿ, ಸಡಿಲವಾಗಿದ್ದ ಟೇಪನ್ನು ಪೆನ್ಸಿಲಿನಲ್ಲಿ ಸುತ್ತಿ, ಒಬ್ಬನೇ ಕೂತೆ. ಹಾಡು ಶುರುವಾಗುವ ಒಂದೆರಡು ಸೆಕೆಂಡ್ ಮೊದಲು, ಆ ಮೌನದಲ್ಲಿ, ಅದೇ ಹಾಡಿನ ಮೊದಲ ಸ್ವರ ಸಣ್ಣಗೆ, ಪಕ್ಕದ ಮನೆಯಿಂದ ಬಂದ ಹಾಗೆ ಕೇಳಿಸಿತು. ವರ್ಷಗಟ್ಟಲೆ ಸುತ್ತಿಟ್ಟ ಟೇಪಿನಲ್ಲಿ ಹೀಗಾಗುತ್ತದೆ. ಒಂದು ಸುತ್ತಿನ ಕಾಂತದ ಗುರುತು ಪಕ್ಕದ ಸುತ್ತಿಗೂ ಅಂಟುತ್ತದೆ. ಸಿ-90 ಟೇಪು ಸಿ-60ಕ್ಕಿಂತ ತೆಳು, ಹಾಗಾಗಿ ಇದರಲ್ಲಿ ಈ ಕಾಟ ಜಾಸ್ತಿ. ರಾಯರ ಕಪಾಟಿನಲ್ಲಿ ಇಷ್ಟು ವರ್ಷ ಇದ್ದು ಟೇಪೂ "ಈಗ ಬರುತ್ತೆ" ಅನ್ನುವುದನ್ನು ಕಲಿತುಬಿಟ್ಟಿದೆ.

ಎರಡು ನಿಮಿಷ ಹತ್ತು ಸೆಕೆಂಡ್ ಬಂತು. ಯಾರೂ ಏನೂ ಹೇಳಲಿಲ್ಲ. ಸ್ವರ ಬಂತು, ಹೋಯಿತು. ಚೆನ್ನಾಗಿತ್ತು. ಆದರೆ ಮೆಟ್ಟಿಲಿದೆ ಅಂದುಕೊಂಡು ಕಾಲಿಟ್ಟಾಗ ಅಲ್ಲಿ ಮೆಟ್ಟಿಲು ಇಲ್ಲದ ಹಾಗಾಯಿತು. ಇದೊಂದು ಹಾಡಿಗಾಗಿ, ನನ್ನ ಅಪಸ್ವರದ ಗುನುಗನ್ನು ನಂಬಿ, ರಾಯರು ಮೂರು ಕಪಾಟು ಕ್ಯಾಸೆಟ್ ಹಾಕಿ ಹಾಕಿ ಕೇಳಿದ್ದಾರೆ. ರಾತ್ರಿ ಹನ್ನೊಂದಕ್ಕೆ ಒಬ್ಬರೇ ಕೂತು ಬೆರಳೆತ್ತಿದ್ದು ಸ್ಪೀಕರಿಗೇನೂ ಆಗಿರಲಿಕ್ಕಿಲ್ಲ.

ಅಷ್ಟರಲ್ಲಿ ಹೆಂಡತಿ ಒಳಗೆ ಬಂದಳು. ಹಾಡನ್ನು ಮೊದಲಿನಿಂದ ಹಾಕಿ ಅವಳನ್ನು ಕೂರಿಸಿದೆ. ಎರಡು ನಿಮಿಷ ಆಗುತ್ತಾ ಬಂತು.

"ಈಗ ಬರುತ್ತೆ, ಕೇಳು" ಅಂದೆ.

"ನೀವು ಸ್ವಲ್ಪ ಸುಮ್ನಿದ್ರೆ ಬರುತ್ತೆ" ಅಂದಳು.