ಆಲಿವ್ ಎಣ್ಣೆ: ಅಲ್ಲಿ ಔಷಧ, ಇಲ್ಲಿ ಅಡುಗೆ

ಸ್ಪೇನಿನಲ್ಲಿ ನೆಲೆಸಿದ ಮೇಲೆ ಬಂಧುಗಳಿಂದ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದೇ: ಆಲಿವ್ ಎಣ್ಣೆಯನ್ನು ಯಾವ ಹೊತ್ತಿನಲ್ಲಿ, ಎಷ್ಟು ಚಮಚ ಕುಡಿಯಬೇಕು? ಇಲ್ಲಿ ಅದು ಅಡುಗೆಯ ಎಣ್ಣೆ, ಅಷ್ಟೇ. ಹುರಿಯಲೂ ಅದೇ, ತರಕಾರಿಯ ಮೇಲೆ ಹಸಿಯಾಗಿ ಸುರಿಯಲೂ ಅದೇ. ನಮ್ಮವರೋ ದಿನದ ಊಟದಲ್ಲಿ ಒಂದು ಹನಿ ಜಿಡ್ಡನ್ನೂ ಕಡಿಮೆ ಮಾಡದೆ, ಖಾಲಿ ಹೊಟ್ಟೆಗೆ ಒಂದು ದೊಡ್ಡ ಚಮಚ ನುಂಗುತ್ತಾರೆ. ಅದರಿಂದ ಖಚಿತವಾಗಿ ಸಿಗುವುದು ಸುಮಾರು 120 ಕ್ಯಾಲೊರಿ!

ಈ ಎಣ್ಣೆಯಲ್ಲಿ ಹೆಚ್ಚಿನ ಪಾಲು ಒಲಿಯಿಕ್ ಆಮ್ಲ ಎಂಬ ಅಪರ್ಯಾಪ್ತ ಕೊಬ್ಬು. ಬೆಣ್ಣೆಯಂತಹ ಪರ್ಯಾಪ್ತ ಕೊಬ್ಬಿನ ಜಾಗಕ್ಕೆ ಅದು ಬಂದರೆ ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲ್ ಇಳಿಯುತ್ತದೆ. ಜಾಗ ಬಿಡಿಸದೆ ಮೇಲಿಂದ ಸುರಿದರೆ ಆ ಲೆಕ್ಕ ಕೂಡುವುದಿಲ್ಲ. ಎಲ್ಲರೂ ಉದಾಹರಿಸುವ ಪ್ರೆಡಿಮೆಡ್ ಅಧ್ಯಯನ ನಡೆದದ್ದು ಸ್ಪೇನಿನಲ್ಲೇ. ಹೃದ್ರೋಗದ ಅಪಾಯ ಹೆಚ್ಚಿದ್ದ 7,447 ಜನರ ಮೇಲೆ. 2013ರ ವರದಿಯ ಪ್ರಕಾರ ಎಕ್ಸ್‌ಟ್ರಾ ವರ್ಜಿನ್, ಅಂದರೆ ಶುದ್ಧೀಕರಿಸದೆ ಹಿಂಡಿ ತೆಗೆದ ಎಣ್ಣೆ ಬಳಸಿದ ಗುಂಪಿನಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವು, ಈ ಮೂರೂ ಸೇರಿ ಹೋಲಿಕೆಯ ಗುಂಪಿಗಿಂತ ಶೇ. 30ರಷ್ಟು ಕಡಿಮೆ. ಜನರನ್ನು ಗುಂಪುಗಳಿಗೆ ಹಂಚಿದ ಕ್ರಮದಲ್ಲಿ ಲೋಪ ಕಂಡುಬಂದು 2018ರಲ್ಲಿ ವರದಿಯನ್ನು ಹಿಂತೆಗೆದು, ಮರುವಿಶ್ಲೇಷಿಸಿ ಪ್ರಕಟಿಸಿದರು. ಅಂಕಿ ಹೆಚ್ಚೇನೂ ಬದಲಾಗಲಿಲ್ಲ, ತೀರ್ಮಾನವನ್ನು ಹೇಳಿದ ಮಾತಿನ ಬಿಗಿ ಮಾತ್ರ ಸಡಿಲವಾಯಿತು. ಆ ಜನ ಬೇಳೆಕಾಳು, ಮೀನು, ತರಕಾರಿಗಳ ಊಟದೊಂದಿಗೆ ಎಣ್ಣೆ ತಿಂದವರು ಎಂಬುದನ್ನು ಮಾತ್ರ ಯಾರೂ ನನಗೆ ಹೇಳಿ ಕಳುಹಿಸುವುದಿಲ್ಲ.

ಗಂಟಲು ಉರಿದರೆ ಎಣ್ಣೆ ಕೆಟ್ಟಿದೆ ಎಂದು ನಮ್ಮವರು ಮೂಗು ಮುರಿಯುತ್ತಾರೆ. ಇಲ್ಲಿಯವರು ಆ ಖಾರಕ್ಕೇ ತಲೆದೂಗುತ್ತಾರೆ. ಉರಿಗೆ ಕಾರಣ ಒಲಿಯೊಕ್ಯಾಂಥಾಲ್ ಎಂಬ ಸಂಯುಕ್ತ. ಅದು ಐಬುಪ್ರೊಫೆನ್ ಮಾತ್ರೆಯ ದಾರಿಯಲ್ಲೇ ಉರಿಯೂತವನ್ನು ತಡೆಯುತ್ತದೆಂದು 2005ರಲ್ಲಿ ಪ್ರಯೋಗಾಲಯದಲ್ಲಿ ಕಂಡುಬಂತು. ಹಾಗೆಂದು ಮಂಡಿನೋವಿಗೆ ಎಣ್ಣೆ ಕುಡಿಯಬೇಡಿ, ಊಟದಲ್ಲಿ ಸಿಗುವ ಪ್ರಮಾಣ ತೀರಾ ಅಲ್ಪ. ಪಾಲಿಫಿನಾಲ್ ಎಂದು ಕರೆಯುವ ಇಂತಹ ಸಸ್ಯಜನ್ಯ ಸಂಯುಕ್ತಗಳು ಶುದ್ಧೀಕರಣದಲ್ಲಿ ಬಹುಪಾಲು ಕಳೆದುಹೋಗುತ್ತವೆ. ‘ಲೈಟ್’ ಎಂದು ಮಾರುವುದು ಶುದ್ಧೀಕರಿಸಿದ ಎಣ್ಣೆಯನ್ನೇ. ಆದ್ದರಿಂದ ಬಾಟಲಿಯ ಮೇಲೆ ಆ ಪದ ಕಂಡೊಡನೆ ಹಿಗ್ಗಬೇಕಿಲ್ಲ. ಹಗುರವಾಗಿರುವುದು ಬಣ್ಣ ಮತ್ತು ರುಚಿ; ಕ್ಯಾಲೊರಿ ಇದ್ದಷ್ಟೇ ಇರುತ್ತದೆ.