ಕಿತ್ತಳೆ ಚಾವಣಿಯ ಹೋಟೆಲ್ಲೂ ನಮ್ಮ ಉಡುಪಿ ಗಲ್ಲಾವೂ

ಇಲ್ಲಿ ಬಾಸ್ಟನ್ ಕಡೆಯ ಹಳಬರ ಮುಂದೆ 'ಹೋಜೋಸ್' ಅಂದು ನೋಡಿ, ಮುಖ ಅರಳುತ್ತದೆ. ಹೋವರ್ಡ್ ಜಾನ್ಸನ್ಸ್ ಅನ್ನುವ ಊಟದ ಹೋಟೆಲುಗಳಿಗೆ ಜನ ಇಟ್ಟ ಮುದ್ದಿನ ಹೆಸರು ಅದು. ಹೆದ್ದಾರಿ ಪಕ್ಕ ಕಿತ್ತಳೆ ಬಣ್ಣದ ಚಾವಣಿ, ಒಳಗೆ 28 ಬಗೆಯ ಐಸ್‌ಕ್ರೀಮು, ಕರಿದ ಚಿಪ್ಪುಮೀನು (ನಮ್ಮ ಕರಾವಳಿಯ ಮರುವಾಯಿಗೆ ದಾಯಾದಿ). 1970ರ ದಶಕದಲ್ಲಿ ಸಾವಿರಕ್ಕೂ ಜಾಸ್ತಿ ಇದ್ದವು. ಕೊನೆಯದು ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್‌ನಲ್ಲಿತ್ತು. 2022ರಲ್ಲಿ ಅದೂ ಬಾಗಿಲು ಹಾಕಿತು.

ಇದನ್ನು ಶುರುಮಾಡಿದ ಹೋವರ್ಡ್ ಜಾನ್ಸನ್ 1925ರಲ್ಲಿ ಬಾಸ್ಟನ್ ಪಕ್ಕದ ಕ್ವಿನ್ಸಿಯಲ್ಲಿ ಒಂದು ಔಷಧಿ ಅಂಗಡಿ ಕೊಂಡ. ಅಲ್ಲೇ ಸೋಡಾ, ಐಸ್‌ಕ್ರೀಮು ಮಾರುತ್ತಿದ್ದರು. ಐಸ್‌ಕ್ರೀಮಿಗೆ ಬೆಣ್ಣೆ ಅಂಶ ಹೆಚ್ಚಿಸಿದ, ಜನ ಮುಗಿಬಿದ್ದರು. 1935ರಲ್ಲಿ ಕೇಪ್ ಕಾಡ್‌ನ ಪರಿಚಯದವನೊಬ್ಬನಿಗೆ, ಹೋಟೆಲು ನಿನ್ನದು, ಹೆಸರೂ ಸಾಮಾನೂ ನನ್ನದು ಅಂದ. ಫ್ರಾಂಚೈಸಿ ದಾರಿ ಹಿಡಿದದ್ದು ಹಾಗೆ. 1940ರಲ್ಲಿ ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಅನ್ನುವ ಟೋಲ್ ಹೆದ್ದಾರಿ ತೆರೆದಾಗ ಅಲ್ಲಿನ ಊಟದ ಗುತ್ತಿಗೆಯೂ ಇವನಿಗೇ. ಅಡುಗೆ ದೊಡ್ಡ ಅಡುಗೆಮನೆಯಲ್ಲಿ ತಯಾರಾಗಿ, ಹಿಮಗಟ್ಟಿಸಿಕೊಂಡು ಲಾರಿಯಲ್ಲಿ ಬರುತ್ತಿತ್ತು. ಹಾಗಂತ ಕೆಟ್ಟದಾಗಿರಲಿಲ್ಲ. 1960ರ ಸುಮಾರಿಗೆ ಫ್ರೆಂಚ್ ಬಾಣಸಿಗ ಜಾಕ್ ಪೆಪಾಂ ಶ್ವೇತಭವನದ ಕೆಲಸ ಬೇಡವೆಂದು ಈ ಕಂಪನಿ ಸೇರಿದ. ಮಾರ್ಗರೀನ್ (ಎಣ್ಣೆಯಿಂದ ಮಾಡುವ ನಕಲಿ ಬೆಣ್ಣೆ) ತೆಗೆದು ಬೆಣ್ಣೆ ಹಾಕಿಸಿದ.

ನಮ್ಮಲ್ಲಿ ಇದೇ ಕೆಲಸ ಯಾವ ಹೆಡ್ ಆಫೀಸೂ ಇಲ್ಲದೆ ಆಯಿತು, ಅಲ್ವಾ? ಉಡುಪಿ, ಕುಂದಾಪುರ ಕಡೆಯ ಹುಡುಗ ಮಾಣಿಯಾಗಿ ಸೇರುತ್ತಾನೆ. ಲೋಟ ತೊಳೆದು, ಹಿಟ್ಟು ರುಬ್ಬಿ, ದೋಸೆ ಕಾವಲಿ ಮುಂದೆ ನಿಂತು ಕಲಿಯುತ್ತಾನೆ. ಆಮೇಲೆ ಇನ್ನೊಂದು ಊರಲ್ಲಿ ತನ್ನದೇ ಹೋಟೆಲು. ಮುಂಬೈಗೆ ಹೋಗಿ, ಚೆನ್ನೈಗೆ ಹೋಗಿ, ಬೋರ್ಡು ನೋಡದೆ ಒಳಗೆ ಕೂತರೂ ಏನು ಸಿಗುತ್ತದೆ ಅಂತ ಗೊತ್ತು. ಒಂದು ಮುಚ್ಚಿದರೆ ಪಕ್ಕದ್ದಕ್ಕೆ ನೋವಿಲ್ಲ, ಗಿರಾಕಿ ಜಾಸ್ತಿ ಆಗಬಹುದು ಅಷ್ಟೇ. ಹೋಜೋಸ್ ಹಾಗಲ್ಲ. ಒಂದು ಕಡೆ ಕೈ ಬಿಗಿ ಮಾಡಿದರೆ ಸಾವಿರ ಕಡೆ ರುಚಿ ಕೆಟ್ಟಿತು.

ಆಗಿದ್ದೂ ಅದೇ. ಅಪ್ಪ ಜಾನ್ಸನ್ ಹೇಳದೆ ಕೇಳದೆ ಹೋಟೆಲುಗಳಿಗೆ ನುಗ್ಗಿ ನೋಡುತ್ತಿದ್ದ. 1959ರಲ್ಲಿ ಮಗ ಬಂದ, ಖರ್ಚು ಕಡಿಮೆ ಮಾಡುವುದರ ಮೇಲೆ ಕಣ್ಣಿಟ್ಟ. ಅತ್ತ ಮೆಕ್‌ಡೊನಾಲ್ಡ್ಸ್ ಬೇಗ, ಅಗ್ಗಕ್ಕೆ ಕೊಡುತ್ತಿತ್ತು. 1973ರ ಪೆಟ್ರೋಲ್ ಅಭಾವದಲ್ಲಿ ರಸ್ತೆಗಿಳಿಯುವವರೇ ಕಡಿಮೆಯಾದರು. 1979ರಲ್ಲಿ ಬ್ರಿಟನ್ನಿನ ಇಂಪೀರಿಯಲ್ ಗ್ರೂಪ್ ಜೊತೆ ಮಾರಾಟದ ಮಾತಾಯಿತು. ಸಿಗರೇಟಿನವರು! 1985ರಲ್ಲಿ ಮ್ಯಾರಿಯಟ್ ಕೈಗೆ. ಅವರಿಗೆ ಬೇಕಿದ್ದದ್ದು ರಸ್ತೆ ಬದಿಯ ಜಾಗ, ಐಸ್‌ಕ್ರೀಮಲ್ಲ.

ಹಳೆಯದೆಲ್ಲ ಚಿನ್ನ ಅನ್ನುವವನಲ್ಲ ನಾನು. 1957ರಲ್ಲಿ ಘಾನಾದ ಹಣಕಾಸು ಮಂತ್ರಿ ಗ್ಬೆಡೆಮಾ ಡೆಲವೇರ್ ರಾಜ್ಯದ ಡೋವರ್‌ನ ಹೋಜೋಸ್‌ನಲ್ಲಿ ಕಿತ್ತಳೆ ರಸ ಕೇಳಿದರು. ಕಪ್ಪು ಜನ ಒಳಗೆ ಕೂತು ಕುಡಿಯುವಂತಿಲ್ಲ ಅಂದರು ಅಲ್ಲಿನವರು. ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ತಿಂಡಿಗೆ ಕರೆದು ಸಮಾಧಾನ ಮಾಡಬೇಕಾಯಿತು. ನಗಬೇಡಿ, ಬ್ರಾಹ್ಮಣರಿಗೆ ಬೇರೆ ಕೋಣೆ ಇಟ್ಟಿದ್ದ ಹೋಟೆಲುಗಳು ನಮ್ಮಲ್ಲೂ ಇದ್ದವು.

ಉಡುಪಿ ದಾರಿಗೂ ಕುತ್ತು ಬಂದಿದೆ. ಗಲ್ಲಾದಲ್ಲಿ ಕೂತವರ ಮಕ್ಕಳು ನನ್ನ ಹಾಗೆ ಕಂಪ್ಯೂಟರ್ ಹಿಡಿದು ಹೊರಟರು. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಬಂತು. ರಾಮನಗರ, ಮದ್ದೂರು ಬದಿಗೆ ಸರಿದವು, ಹಳೇ ರಸ್ತೆಯ ಹೋಟೆಲುಗಳ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಬೆಂಗಳೂರಿನಲ್ಲಿ ಒಂದು ದರ್ಶಿನಿ ಹಿಟ್ ಆದರೆ ಸಾಕು, ಈಗ ಬ್ರಾಂಚಿನ ಮಾತು ಶುರು. ಮಾಡಲಿ ಬಿಡಿ, ಹಿಟ್ಟು ಲಾರಿಯಲ್ಲೇ ಬರಲಿ. ಹತ್ತನೇ ಬ್ರಾಂಚಿಗೆ ಮಾಲೀಕರು ಹೇಳದೆ ಕೇಳದೆ ಹೋಗಿ, ಕ್ಯೂನಲ್ಲಿ ನಿಂತು ಇಡ್ಲಿ ತಿನ್ನುತ್ತಾರಾ?