ಹಂದಿ ಅದೇ, ಕೊಲ್ಲುವವನ ಕತೆ ಮಾತ್ರ ಬೇರೆ

ಆನ್‌ಲೈನ್ ಗೇಮ್ ಆಡುವವರ ನಡುವೆ ಒಂದು ಪ್ರಶ್ನೆ ದಿನಾ ಹುಟ್ಟುತ್ತದೆ. "ಗುರು, ಫಾರ್ಮಿಂಗ್ ಮಾಡಿ ಮಾಡಿ ಬೋರ್ ಆಗಿದೆ, ಏನು ಮಾಡ್ಲಿ?" ಫಾರ್ಮಿಂಗ್ ಅಂದರೆ ಬೇಸಾಯ ಅಲ್ಲ, ಗೇಮ್‌ನಲ್ಲಿ ಬೇಕಾದ್ದು ಸಿಗಲಿ ಅಂತ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು. ಬೋರ್ ಆದರೆ ಬಿಟ್ಟುಬಿಡು ಅಂತ ಯಾರಾದರೂ ಹೇಳುತ್ತಾರೆ ಅಂದುಕೊಂಡಿದ್ದರೆ ನೀವು ಈ ಲೋಕಕ್ಕೆ ಹೊಸಬರು. ಅಲ್ಲಿ ಸಿಗುವ ಉತ್ತರ ಒಂದೇ. "ಇನ್ನೊಂದು ಕ್ಯಾರೆಕ್ಟರ್ ಮಾಡು. ಹೋದ ಸಲ ಒಳ್ಳೆಯವನಾಗಿದ್ದೆ ಅಲ್ವಾ, ಈ ಸಲ ಕೆಟ್ಟವನ ಕತೆ ತಗೋ." ಕೇಳಿದವನಿಗೆ ಜ್ಞಾನೋದಯ. ಅದೇ ಕಾಡು, ಅದೇ ಹಂದಿ, ಅದೇ ಹತ್ತು ಲಿವರ್ ತಂದುಕೊಡುವ ಕೆಲಸ. ಆದರೆ ಈಗ ಕೊಲ್ಲುತ್ತಿರುವವನು ಯಾರೋ ದಾರಿಹೋಕ ಅಲ್ಲ, ಸಿಂಹಾಸನ ಕಳೆದುಕೊಂಡ ರಾಜಕುಮಾರ. ಹಂದಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದು ಬಿಡಿ.

ದಿನವಿಡೀ ಫೈಲಿಗೆ ಸೀಲು ಹೊಡೆದು ಸಾಕಾಗಿದೆ ಅಂತ ಗುಮಾಸ್ತ ಗೋಳು ತೋಡಿಕೊಂಡರೆ, ಮೇಲಧಿಕಾರಿ ಅವನ ಭುಜ ತಟ್ಟಿ "ನಾಳೆಯಿಂದ ನೀನು ವೇಷ ಮರೆಸಿಕೊಂಡ ಗೂಢಚಾರ ಅಂದುಕೊಂಡು ಸೀಲು ಹೊಡಿ" ಅಂದ ಹಾಗಿದೆ ಇದು. ಒಂದೇ ವ್ಯತ್ಯಾಸ. ಗುಮಾಸ್ತನಿಗೆ ಸಂಬಳ ಬರುತ್ತದೆ. ಇಲ್ಲಿ ಸೀಲು ಹೊಡೆಯುವವನೇ ತಿಂಗಳು ತಿಂಗಳು ದುಡ್ಡು ಕಟ್ಟುತ್ತಾನೆ.

ಈ ಕೆಲಸ ನೋಡದವರಿಗಾಗಿ ಸ್ವಲ್ಪ ವಿವರ. ಊರಾಚೆ ಬೇಲಿ ಪಕ್ಕ ಒಬ್ಬ ಮುದುಕ ನಿಂತಿರುತ್ತಾನೆ, ತಲೆ ಮೇಲೆ ಹಳದಿ ಬಣ್ಣದ ಆಶ್ಚರ್ಯ ಚಿಹ್ನೆ. ಅವನಿಗೆ ಹಂದಿಯ ಲಿವರ್ ಹತ್ತು ಬೇಕು. ಯಾಕೆ ಅಂತ ಒಂದು ಪುಟ ಬರೆದಿರುತ್ತಾರೆ, ಯಾರೂ ಓದುವುದಿಲ್ಲ. ಹೋಗಿ ಹೊಡೆದರೆ ಮೊದಲನೇ ಹಂದಿಯಲ್ಲಿ ಲಿವರ್ ಇಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದರಲ್ಲಿ ಹರಿದ ಪ್ಯಾಂಟು ಮತ್ತು ಎರಡು ತಾಮ್ರದ ಕಾಸು. ಲಿವರ್ ಇಲ್ಲದೆ ಅದು ಇಷ್ಟು ದಿನ ಹೇಗೆ ಓಡಾಡಿಕೊಂಡಿತ್ತು, ಪ್ಯಾಂಟು ಅದಕ್ಕೆ ಯಾಕೆ ಬೇಕಿತ್ತು ಅಂತೆಲ್ಲ ಕೇಳಬಾರದು. ಇಷ್ಟರಲ್ಲಿ ಹಂದಿಗಳು ಖಾಲಿ. ಮತ್ತೆ ಹುಟ್ಟುವ ತನಕ ಕಾಯಬೇಕು. ಪಕ್ಕದಲ್ಲೇ ಇನ್ನೂ ಮೂವರು ಕಾಯುತ್ತಿರುತ್ತಾರೆ. ಒಬ್ಬ ಅನಾಥ ಬಿಲ್ಲುಗಾರ, ಒಬ್ಬಳು ಶಾಪಕ್ಕೆ ಸಿಕ್ಕಿದ ಮಾಟಗಾತಿ, ಇನ್ನೊಬ್ಬ ಅಪ್ಪನ ಸಾವಿಗೆ ಸೇಡು ತೀರಿಸಲು ಹೊರಟವನು. ಜಗತ್ತನ್ನು ಉಳಿಸಲೆಂದೇ ಹುಟ್ಟಿದ ನಾಲ್ಕು ಜನ, ಹುಲ್ಲಿನ ಮೇಲೆ ಸುಮ್ನೆ ಎಗರಾಡುತ್ತಾ, ಒಂದು ಹಂದಿ ಹುಟ್ಟಲಿ ಅಂತ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ. ಹುಟ್ಟಿತು. ನಾಲ್ವರೂ ಒಟ್ಟಿಗೆ ಹೊಡೆದರು. ಒಬ್ಬನಿಗೆ ಸಿಕ್ಕಿತು. ಉಳಿದ ಮೂವರು ಆಗ ಆಡಿದ ಮಾತು ಇಲ್ಲಿ ಬರೆಯುವ ಹಾಗಿಲ್ಲ.

ಕತೆ ಬದಲಿಸಿ ಕೆಲಸ ಮಾಡಿಸುವ ಈ ವಿದ್ಯೆ ಚೆನ್ನಾಗಿ ಪಳಗಿದ್ದು 'ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್' ಅನ್ನುವ ಗೇಮ್‌ನಲ್ಲಿ. 2011ರ ಡಿಸೆಂಬರ್‌ನಲ್ಲಿ ಬಂತು. ಎಂಟು ಬಗೆಯ ಪಾತ್ರ, ಎಂಟು ಬೇರೆ ಬೇರೆ ಕತೆ, ಮಾತಿಗೆಲ್ಲ ನಟರ ಧ್ವನಿ. ಒಂದರಲ್ಲಿ ನೀವು ಗುಲಾಮನಾಗಿ ಶುರುಮಾಡಿ ಮೇಲೇರಬೇಕು. ಒಂದರಲ್ಲಿ ಸಾಮ್ರಾಜ್ಯದ ಗೂಢಚಾರ. ಇನ್ನೊಂದರಲ್ಲಿ ಕಳ್ಳಸಾಗಣೆಯವನು, ಆಟ ಶುರುವಾಗುತ್ತಿದ್ದ ಹಾಗೆ ನಿಮ್ಮ ಹಡಗನ್ನೇ ಬೇರೆ ಕಳ್ಳ ಹಾರಿಸಿಕೊಂಡು ಹೋಗುತ್ತಾನೆ. ನಿಜ ಹೇಳಬೇಕಂದ್ರೆ ಕತೆಗಳು ಚೆನ್ನಾಗಿವೆ. ಗೂಢಚಾರನದ್ದಂತೂ ಬಹಳ ಚೆನ್ನಾಗಿದೆ. ತೊಂದರೆ ಇರುವುದು ಕತೆಯಲ್ಲಿ ಅಲ್ಲ, ಕಾಲ ಕೆಳಗಿನ ನೆಲದಲ್ಲಿ. ಎಂಟೂ ಜನ ಟಾಟೂಯಿನ್ ಗ್ರಹದ ಮರಳಿಗೆ ಹೋಗಬೇಕು, ಎಂಟೂ ಜನ ಹಾತ್ ಗ್ರಹದ ಹಿಮದಲ್ಲಿ ಅಲೆಯಬೇಕು. ಆಟದ ಎರಡು ಪಕ್ಷಗಳಲ್ಲಿ ರಿಪಬ್ಲಿಕ್ ಕಡೆಯವರಿಗೆ ಟಾರಿಸ್ ಗ್ರಹ ಮೊದಲು, ಬಾಲ್ಮೋರಾ ಗ್ರಹ ಆಮೇಲೆ. ಸಾಮ್ರಾಜ್ಯದ ಕಡೆಯವರಿಗೆ ಬಾಲ್ಮೋರಾ ಮೊದಲು, ಟಾರಿಸ್ ಆಮೇಲೆ. ವೈವಿಧ್ಯ ಬೇಕು ಅಂದಿರಲ್ಲ, ತಗೊಳ್ಳಿ!

ಕೊನೆಗೆ ಕಂಪನಿಯವರಿಗೇ ಅರ್ಥವಾಯಿತು ಅಂತ ಕಾಣುತ್ತದೆ. 2015ರಲ್ಲಿ ಚಂದಾ ಕಟ್ಟುವವರಿಗೆ ಒಂದು ಕೊಡುಗೆ ಬಿಟ್ಟರು. ಪಾತ್ರದ ಸ್ವಂತ ಕತೆಯ ಭಾಗ ಆಡಿದರೆ 12 ಪಟ್ಟು ಎಕ್ಸ್‌ಪಿ (ಲೆವೆಲ್ ಏರಿಸುವ ಅನುಭವದ ಅಂಕ). ಅಂದರೆ ದಾರಿಯಲ್ಲಿ ಸಿಗುವ ಚಿಲ್ಲರೆ ಕೆಲಸಗಳನ್ನೆಲ್ಲ ಬಿಟ್ಟು ಬರೀ ಕತೆ ಆಡಿಕೊಂಡು ಹೋದರೂ ಲೆವೆಲ್ ಏರುತ್ತದೆ. ಜನ ಕುಣಿದಾಡಿದರು. ಒಂದು ಆಟ ತನ್ನನ್ನು ಇಷ್ಟಪಡುವವರಿಗೆ ಕೊಟ್ಟ ಅತಿ ದೊಡ್ಡ ಉಡುಗೊರೆ ಯಾವುದು? ಆಟದ ಬಹುಪಾಲು ಆಡದೇ ಇರುವ ಅನುಮತಿ.

ಇರಲಿ, ಯಾವ ಕೆಲಸಕ್ಕೆ ಯಾವ ಕತೆ ಅನ್ನುವುದರಲ್ಲಿ ಈಗ ದೊಡ್ಡ ದೊಡ್ಡ ಪಂಡಿತರಿದ್ದಾರೆ. ಸೊಪ್ಪು ಕೀಳುವುದಕ್ಕೆ, ಅದಿರು ಅಗೆಯುವುದಕ್ಕೆ ಸನ್ಯಾಸಿ ಒಳ್ಳೆಯವನಂತೆ, ತಾಳ್ಮೆ ಅವನ ರಕ್ತದಲ್ಲೇ ಇರುತ್ತದೆ. ಗುಂಪು ಗುಂಪಾಗಿ ಕೊಲ್ಲುವುದಕ್ಕೆ ಖಳನಾಯಕನೇ ಆಗಬೇಕಂತೆ. ಒಳ್ಳೆಯವನಾದರೆ ತೋಳದ ಮರಿ ಕೊಲ್ಲುವಾಗ ಮನಸ್ಸು ಒಂಥರಾ ಆಗುತ್ತದೆ, ಅದರಿಂದ ಗಂಟೆಗೆ ಸಿಗುವ ಚಿನ್ನ ಕಡಿಮೆಯಾಗುತ್ತದೆ. ಜಿಪುಣ ವ್ಯಾಪಾರಿಯ ಪಾತ್ರಕ್ಕೆ ಕತೆಯೇ ಬೇಕಾಗಿಲ್ಲ, ಆಡುವವನ ಸ್ವಭಾವ ಸಾಕು.

ಈ ಗದ್ದಲದಲ್ಲಿ ನನಗೆ ಅಯ್ಯೋ ಪಾಪ ಅನ್ನಿಸುವುದು ಬ್ಯಾಂಕ್ ಆಲ್ಟ್ ಒಬ್ಬನನ್ನು ನೋಡಿದರೆ, ಅಂದರೆ ಸಾಮಾನು ಕೂಡಿಡಲೆಂದೇ ಮಾಡಿಕೊಂಡ ಹೆಚ್ಚುವರಿ ಪಾತ್ರ. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ನಲ್ಲಿ ಹಳೇ ಆಟಗಾರರ ಬಳಿ ಇಂಥ ಒಬ್ಬ ಇದ್ದೇ ಇರುತ್ತಾನೆ. ಲೆವೆಲ್ ಒಂದು. ಹುಟ್ಟಿದ ದಿನ ಹಾಕಿಕೊಂಡ ಅಂಗಿ. ಹುಟ್ಟಿದ ಹಳ್ಳಿಯಿಂದ ಒಂದೇ ಉಸಿರಿಗೆ ರಾಜಧಾನಿಗೆ ಓಡಿಸಿಕೊಂಡು ಬಂದು ಅಂಚೆಪೆಟ್ಟಿಗೆ ಮತ್ತು ಹರಾಜುಕಟ್ಟೆಯ ನಡುವೆ ನಿಲ್ಲಿಸಿರುತ್ತಾರೆ. ಉಳಿದವರು ಕಡಿದು, ಅಗೆದು, ಸುಲಿದು ತಂದದ್ದೆಲ್ಲ ಇವನ ಚೀಲಕ್ಕೆ. ಲಿನನ್ ಬಟ್ಟೆ, ತಾಮ್ರದ ಅದಿರು, ಯಾತಕ್ಕೆ ಅಂತ ಯಾರಿಗೂ ನೆನಪಿಲ್ಲದ ಮೀನಿನ ಕಣ್ಣು. ಡ್ರ್ಯಾಗನ್ ಬಂದು 2010ರಲ್ಲಿ ಇಡೀ ಜಗತ್ತೇ ಒಡೆದುಹೋಯಿತು, ರಾಜರು ಸತ್ತರು, ಹೊಸ ರಾಜರು ಬಂದರು, ಇವನು ಮಾತ್ರ ಅಂಚೆಪೆಟ್ಟಿಗೆ ಬಿಟ್ಟು ಕದಲಲಿಲ್ಲ. ಖಾತೆಯಲ್ಲಿ ಎಲ್ಲರಿಗಿಂತ ಶ್ರೀಮಂತ ಇವನೇ, ಕಾಲಿಗೆ ನೆಟ್ಟಗೆ ಚಪ್ಪಲಿ ಇಲ್ಲ. ರಾಜಕುಮಾರನಿಗೆ ಮೂರು ಪುಟದ ಹಿನ್ನೆಲೆ ಬರೆದವರು ಇವನಿಗೆ ಒಂದು ಹೆಸರು ಕೂಡ ಸರಿಯಾಗಿ ಇಡುವುದಿಲ್ಲ, ಮುಖ್ಯ ಪಾತ್ರದ ಹೆಸರಿಗೆ 'ಬ್ಯಾಂಕ್' ಅಂತ ಬಾಲ ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. 2024ರಲ್ಲಿ ಕಂಪನಿಯವರು ಒಂದು ಖಾತೆಯ ಪಾತ್ರಗಳಿಗೆಲ್ಲ ಸೇರಿ ಒಂದೇ ಬ್ಯಾಂಕ್ ತೆರೆದರು. ಇವನ ಕೆಲಸ ಹೋಯಿತು. ಪಿಂಚಣಿ ಇಲ್ಲ, ಒಂದು ಬೀಳ್ಕೊಡುಗೆ ಕೂಡ ಇಲ್ಲ.

ಇದೇ ಗೇಮ್‌ನಲ್ಲಿ ಇನ್‌ವಿನ್ಸಿಬಲ್ ಅಂತ ಒಂದು ರೆಕ್ಕೆಯ ಕುದುರೆ ಇದೆ. ಲಿಚ್ ಕಿಂಗ್ ಅನ್ನುವ ಬಾಸ್‌ನನ್ನು, ಅಂದರೆ ದೊಡ್ಡ ಶತ್ರು ರಾಜನನ್ನು, ಅತಿ ಕಷ್ಟದ ಮಟ್ಟದಲ್ಲಿ ಕೊಂದರೆ ಸಿಗಬಹುದು. ಸಾಧ್ಯತೆ ನೂರಕ್ಕೆ ಒಂದರ ಆಸುಪಾಸು, ಒಂದು ಪಾತ್ರಕ್ಕೆ ವಾರಕ್ಕೆ ಒಂದೇ ಅವಕಾಶ. ಲೆಕ್ಕ ಹಾಕಿ ನೋಡಿ. ನೂರು ಜನ ತಲಾ ನೂರು ಸಲ ಆ ರಾಜನನ್ನು ಕೊಂದರೂ ಅವರಲ್ಲಿ ಸುಮಾರು 37 ಜನರ ಕೈ ಖಾಲಿಯೇ. ಒಂದೇ ಪಾತ್ರ ಇಟ್ಟುಕೊಂಡರೆ ನೂರು ಸಲಕ್ಕೆ ಹತ್ತಿರ ಹತ್ತಿರ ಎರಡು ವರ್ಷ ಬೇಕು. ಅದಕ್ಕೆ ಜನ ಹತ್ತು ಪಾತ್ರ ಮಾಡಿಕೊಳ್ಳುತ್ತಾರೆ, ಪ್ರತಿಯೊಬ್ಬನಿಗೂ ಒಂದು ಕತೆ ಕಟ್ಟುತ್ತಾರೆ. ಇವನ ಊರನ್ನು ರಾಜ ಸುಟ್ಟನು, ಅವಳ ತಂಗಿಯನ್ನು ರಾಜ ಹೊತ್ತೊಯ್ದನು, ಇನ್ನೊಬ್ಬ ಒಂದು ಕಾಲದಲ್ಲಿ ರಾಜನ ಸೇನೆಯಲ್ಲೇ ಇದ್ದು ತಿರುಗಿಬಿದ್ದವನು. ಕಣ್ಣಲ್ಲಿ ನೀರು ತರಿಸುವ ಕತೆಗಳು. ಒಳಗೆ ನೋಡಿದರೆ ಹತ್ತು ಲಾಟರಿ ಟಿಕೆಟ್. ವಾರಕ್ಕೆ ಹತ್ತು ಸಲ ಸಾಯುವ ಆ ರಾಜ ಮಾತ್ರ ಪ್ರತಿ ಸಲವೂ ಅದೇ ಭಾಷಣ ಮಾಡುತ್ತಾನೆ. ಅವನೂ ಒಂದು ರೀತಿಯಲ್ಲಿ ಗುಮಾಸ್ತನೇ.

ಕತೆ ಬದಲಿಸಿದರೆ ಕೆಲಸ ಹಗುರ ಆಗುತ್ತದೆ ಅನ್ನುವುದು ಆಟಗಾರರ ಸಂಶೋಧನೆ ಅಂತ ಯಾರೂ ಬೀಗಬೇಕಾಗಿಲ್ಲ. ಕಂಪನಿಯವರು ಅದನ್ನು ಮೊದಲೇ ಕಂಡುಕೊಂಡಿದ್ದರು. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' 2004ರಲ್ಲಿ ಬಿಡುಗಡೆ ಆಗುವುದಕ್ಕೆ ಮುಂಚೆ, ಪರೀಕ್ಷೆಯ ಹಂತದಲ್ಲಿ, ಜಾಸ್ತಿ ಹೊತ್ತು ಆಡಿದರೆ ಸಿಗುವ ಎಕ್ಸ್‌ಪಿ ಅರ್ಧಕ್ಕೆ ಇಳಿಯುತ್ತಿತ್ತು. ಜನ ಬಾಯಿಗೆ ಬಂದ ಹಾಗೆ ಬೈದರು. ಕಂಪನಿಯವರು ಏನು ಮಾಡಿದರು? ಅರ್ಧ ಅನ್ನುವುದಕ್ಕೆ 'ಮಾಮೂಲು ಶೇ. 100' ಅಂದರು, ಮೊದಲಿನ ಪೂರ್ತಿಗೆ 'ವಿಶ್ರಾಂತಿ ಪಡೆದು ಬಂದವರಿಗೆ ಶೇ. 200' ಅಂದರು. ಲೆಕ್ಕ ಅದೇ. ಶಿಕ್ಷೆ ಅಂತಿದ್ದ ಜಾಗದಲ್ಲಿ ಬೋನಸ್ ಅಂತ ಬಂತು. ಬೈದವರೇ ಭೇಷ್ ಅಂದರು. ಕಿವಿಗೆ ಹೂ ಇಟ್ಟರೆ ಎಷ್ಟು ಚಂದ ಕಾಣುತ್ತದೆ ಅಂತ ಕನ್ನಡಿ ನೋಡಿಕೊಂಡವರು ನಾವು.

ಹತ್ತು ವರ್ಷದ ನಂತರ, 2014ರಲ್ಲಿ, ಅದೇ ಕಂಪನಿ ಪಾತ್ರವನ್ನು ಸೀದಾ 90ನೇ ಲೆವೆಲ್‌ಗೆ ಏರಿಸುವ ಸೌಲಭ್ಯವನ್ನು 60 ಡಾಲರ್‌ಗೆ ಮಾರಾಟಕ್ಕಿಟ್ಟಿತು. ಆಡುವುದಕ್ಕೆ ತಿಂಗಳಿಗೆ 15 ಡಾಲರ್, ಆಡದೇ ಇರುವುದಕ್ಕೆ 60. ಇಷ್ಟು ದುಬಾರಿ ಯಾಕೆ ಅಂತ ಕೇಳಿದರೆ, ಕಷ್ಟಪಟ್ಟು ಲೆವೆಲ್ ಏರಿಸಿದವರ ಸಾಧನೆ ಅಗ್ಗ ಆಗಬಾರದು ಅನ್ನುವ ಉತ್ತರ ಬಂತು. ಎಂಥ ಕಾಳಜಿ!

ಆಟಗಾರರೂ ಕಮ್ಮಿ ಇಲ್ಲ. 'ಓಲ್ಡ್ ಸ್ಕೂಲ್ ರೂನ್‌ಸ್ಕೇಪ್'ನಲ್ಲಿ ಮರ ಕಡಿಯುವ ವಿದ್ಯೆಯಲ್ಲಿ 99ನೇ ಲೆವೆಲ್ ತಲುಪಲು 1,30,34,431 ಎಕ್ಸ್‌ಪಿ ಬೇಕು. ತಮಾಷೆ ಏನಂದ್ರೆ 92ಕ್ಕೆ ಬಂದಾಗ ಆಗಿರುವುದು ಅರ್ಧ ದಾರಿ. ಯೂ ಮರದ ಒಂದು ದಿಮ್ಮಿಗೆ 175 ಎಕ್ಸ್‌ಪಿ, ಹಾಗಾಗಿ ಆ ಕೊನೆಯ ಏಳು ಲೆವೆಲ್‌ಗೆ 37 ಸಾವಿರಕ್ಕೂ ಜಾಸ್ತಿ ದಿಮ್ಮಿ. ಇಷ್ಟು ಸಾಲದು ಅಂತ 2014ರಲ್ಲಿ ಐರನ್‌ಮ್ಯಾನ್ ಅನ್ನುವ ಹೊಸ ಬಗೆ ಬಂತು. ಬೇರೆ ಆಟಗಾರರ ಹತ್ತಿರ ಏನೂ ಕೊಳ್ಳುವ ಹಾಗಿಲ್ಲ, ಅವರು ಏನೂ ಕೊಡುವ ಹಾಗಿಲ್ಲ, ಬೇಕಾದ್ದನ್ನೆಲ್ಲ ನೀವೇ ದುಡಿದುಕೊಳ್ಳಬೇಕು. ಫಾರ್ಮಿಂಗ್ ಬೇಜಾರು ಅಂತ ಅಳುತ್ತಿದ್ದವರಿಗೆ ಹತ್ತು ಪಟ್ಟು ಫಾರ್ಮಿಂಗ್ ಕೊಟ್ಟು, ಇದು ಯಾರ ಹಂಗೂ ಇಲ್ಲದ ಒಂಟಿ ವೀರನ ಕತೆ ಅಂದರು. ಜನ ಮುಗಿಬಿದ್ದರು. ಕೆಲವರು ಇನ್ನೂ ಮುಂದೆ ಹೋಗಿ, ನಕ್ಷೆಯ ಒಂದು ಚೌಕ ಬಿಟ್ಟು ಹೊರಗೆ ಕಾಲಿಡುವುದಿಲ್ಲ ಅಂತ ತಮಗೆ ತಾವೇ ವ್ರತ ಹಾಕಿಕೊಂಡು ಅಲ್ಲೇ ಸುತ್ತುತ್ತಿದ್ದಾರೆ.

ವಿಡಂಬನೆ ಬರೆಯುವವರ ಕಷ್ಟ ಇಲ್ಲಿದೆ. ಇಯಾನ್ ಬೋಗೋಸ್ಟ್ ಅನ್ನುವ ಗೇಮ್ ವಿನ್ಯಾಸಕ 2010ರಲ್ಲಿ 'ಕೌ ಕ್ಲಿಕರ್' ಅಂತ ಒಂದು ಗೇಮ್ ಮಾಡಿದರು. ಫೇಸ್‌ಬುಕ್‌ನಲ್ಲಿ ಆಗ ಹಬ್ಬಿದ್ದ ಗೇಮ್‌ಗಳನ್ನು ಅಣಕಿಸುವುದು ಉದ್ದೇಶ. ಪರದೆ ಮೇಲೆ ಒಂದು ಹಸು. ಆರು ಗಂಟೆಗೆ ಒಂದು ಸಲ ಅದನ್ನು ಒತ್ತಬಹುದು. ಮುಗಿಯಿತು. ನೋಡಿ ನಕ್ಕು ಹೋಗುತ್ತಾರೆ ಅಂದುಕೊಂಡರೆ ಸಾವಿರಾರು ಜನ ಬಂದು ಭಕ್ತಿಯಿಂದ ಒತ್ತತೊಡಗಿದರು. ಬೇಸತ್ತು 2011ರಲ್ಲಿ ಹಸುಗಳನ್ನೇ ಮಾಯ ಮಾಡಿದರು. ಆಮೇಲೂ ಕೆಲವರು ಹಸು ಇದ್ದ ಖಾಲಿ ಜಾಗ ಒತ್ತುತ್ತಲೇ ಇದ್ದರು. ಇವರನ್ನು ಇನ್ನು ಹೇಗೆ ಅಣಕಿಸುತ್ತೀರಿ, ಹೇಳಿ.

ಅದಿರಲಿ, ಇಷ್ಟೆಲ್ಲ ಆರಿಸಿ, ಅಳೆದು ತೂಗಿ ತಗೊಂಡ ಕತೆಯನ್ನು ಕೇಳುವವರು ಯಾರು? 'ಓಲ್ಡ್ ರಿಪಬ್ಲಿಕ್'ನಲ್ಲಿ ನಾಲ್ಕು ಜನ ಸೇರಿ ಒಂದು ಕಾರ್ಯಾಚರಣೆಗೆ ಹೋಗುತ್ತಾರೆ. ಹಡಗಿನ ಕ್ಯಾಪ್ಟನ್ ಬಂದು ಮಾತಾಡಲು ಬಾಯಿ ತೆರೆದ ಕೂಡಲೇ ಮೂವರು ಸ್ಪೇಸ್‌ಬಾರ್ ಒತ್ತುತ್ತಾರೆ, ಮಾತು ಹಾರಿಸಲು ಅದೇ ದಾರಿ. ನಾಲ್ಕನೆಯವನು ಹೊಸಬ, ಪಾಪ, ಪೂರ್ತಿ ಕೇಳೋಣ ಅಂತ ಕೂತಿರುತ್ತಾನೆ. ಅವನೂ ಒತ್ತದೆ ಮಾತು ಮುಂದಕ್ಕೆ ಹೋಗುವುದಿಲ್ಲ.

"ಸ್ಪೇಸ್‌ಬಾರ್!"

"ಸ್ಪೇಸ್‌ಬಾರ್ ಒತ್ತೋ ಮಾರಾಯ!"

"ನಾನು ಇದು ಮೊದಲ ಸಲ ಆಡ್ತಿರೋದು, ಕತೆ ಏನು ಅಂತ ಕೇಳ್ತಿದ್ದೀನಿ."

"ಕತೆ ಬೇಕಂದ್ರೆ ಯೂಟ್ಯೂಬ್‌ನಲ್ಲಿ ನೋಡ್ಕೊ. ಇಲ್ಲಿ ಟೈಮ್ ವೇಸ್ಟ್ ಮಾಡಬೇಡ."

ಹುಡುಗ ಮಾತು ಕೇಳಿದ. ಈಗ ಅವನ ಮೇಜಿನ ಮೇಲೆ ಎರಡು ಪರದೆ. ಒಂದರಲ್ಲಿ ಅವನ ಗೂಢಚಾರ ಅದೇ ಮರಳಲ್ಲಿ ಅದೇ ಜನರನ್ನು ಕೊಲ್ಲುತ್ತಿರುತ್ತಾನೆ, ಧ್ವನಿ ಬಂದ್. ಇನ್ನೊಂದರಲ್ಲಿ ಅದೇ ಗೂಢಚಾರನ ಕತೆ, ಬೇರೆ ಯಾರೋ ಆಡಿ ಹಾಕಿದ್ದು, ಗಂಟೆಗಟ್ಟಲೆ ಓಡುತ್ತದೆ. ಕೆಳಗಿನ ಕಾಮೆಂಟಿನಲ್ಲಿ ನೋಡಿದವರೆಲ್ಲ ಒಂದೇ ಮಾತಿಗೆ ಹೊಗಳಿದ್ದಾರೆ: ಮಧ್ಯದ ಹೊಡೆದಾಟ, ಓಡಾಟವನ್ನೆಲ್ಲ ಕತ್ತರಿಸಿ ಹಾಕಿದ್ದಕ್ಕೆ ಥ್ಯಾಂಕ್ಸ್.